ಮೂರು ಊರಿಗೊಂದು ಜರಿಗಿಡ

ಗಾಜಿಗೆ ಗಾಜು ತಾಗುವ ಮಂದ ಸದ್ದು. ಖಾಲಿ ಗಾಜಿನ ಕಿಣಿಕಿಣಿ ಅಲ್ಲ. ತುಂಬಿದ ಬಾಟಲಿಗಳು ಬಟ್ಟೆಯ ಚೀಲದೊಳಗೆ ಒಂದಕ್ಕೊಂದು ಮೈ ತಾಗಿಸಿಕೊಂಡಾಗ ಬರುವ, ಅರ್ಧ ನುಂಗಿದಂಥ ಸದ್ದು. ಪ್ರಾಕ್ಟಿಕಲ್ ಪರೀಕ್ಷೆಯ ದಿನಗಳಲ್ಲಿ ರೋಣದ ನಮ್ಮ ಕಾಲೇಜಿನ ಕಾರಿಡಾರಿನಲ್ಲಿ ಅದು ಕೇಳಿಸಿತೆಂದರೆ ಸ್ಟಾಫ್ ರೂಮಿನಲ್ಲಿ ಕೂತ ನಾವು ತಲೆ ಎತ್ತದೆಯೇ ಹೇಳುತ್ತಿದ್ದೆವು, ಬಾಟನಿ ಸರ್ ಬಂದರು ಅಂತ. ಮೊದಲು ಸದ್ದು, ಅದರ ಹಿಂದೆ ಫಾರ್ಮಲಿನ್ನಿನ ಘಾಟು, ಅದರ ಹಿಂದೆ ಅತ್ತರಿನ ಪರಿಮಳ, ಆಮೇಲೆ ಅವರು.

ಎತ್ತರದ ಸಣಕಲು ಮನುಷ್ಯ. ಬಿಳಿ ಅರ್ಧ ತೋಳಿನ ಶರ್ಟು. ಜೇಬಿನಲ್ಲಿ ಪೆನ್ನಿನ ಪಕ್ಕ, ಗಿಡದ ದಂಟನ್ನು ತೆಳ್ಳಗೆ ಸೀಳಲಿಕ್ಕೆಂದು ಕಾಗದದಲ್ಲಿ ಸುತ್ತಿಟ್ಟ ಒಂದು ಬ್ಲೇಡು. ಫಾರ್ಮಲಿನ್ನಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಒಣಗಿದ ತೊಗಲಿನಂತೆ ಗಡುಸಾಗಿದ್ದವು. ಬಿಸಿ ಚಹಾದ ಗ್ಲಾಸನ್ನು ನಾವೆಲ್ಲ ಸೆರಗಿನಲ್ಲೋ ಕರವಸ್ತ್ರದಲ್ಲೋ ಹಿಡಿದರೆ ಅವರು ಬರಿಗೈಯಲ್ಲಿ ಹಿಡಿದು, ಊದದೆ ಕುಡಿಯುತ್ತಿದ್ದರು. ಗಜೇಂದ್ರಗಡದವರು. ಅವರ ತಂದೆ ಅಲ್ಲಿಯ ನೇಕಾರರಿಗೆ ನೂಲಿಗೆ ಬಣ್ಣ ಹಾಕಿ ಕೊಡುತ್ತಿದ್ದರಂತೆ. ಆ ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಇವರೇ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳ ಕೈಯಲ್ಲಿ ಬೆಳೆದದ್ದಕ್ಕೆ ನನ್ನ ಕನ್ನಡದೊಳಗೆ ಇಂಗ್ಲಿಷ್ ಇವತ್ತಿಗೂ ಕೇಳದೆ ಬಂದು ಕೂತುಬಿಡುತ್ತದೆ. ಓದುವವರು ಎಕ್ಸ್‌ಕ್ಯೂಸ್ ಮಾಡಬೇಕು. ಮದುವೆಯಾಗಿ ರೋಣಕ್ಕೆ ಬಂದೆ, ಇಂಗ್ಲಿಷ್ ಲೆಕ್ಚರರ್ ಆದೆ, ಅಲ್ಲಿಯೇ ತಲೆ ನೆರೆಯಿತು. ಕಾಲೇಜಿನಲ್ಲಿ ಎಲ್ಲರಿಗೂ ನಾನು ಮೇಡಂ. ಅವರೊಬ್ಬರಿಗೆ ಮಾತ್ರ ‘ಬಾಯಾರು’. ಯಾಕ್ರಿ ಸರ್ ಅಂತ ಒಮ್ಮೆ ಕೇಳಿದ್ದಕ್ಕೆ, ಮೇಡಂ ಅಂದರೆ ಪರೀಕ್ಷೆಗೆ ಬಂದವರ ಹಾಗೆ ಅನಿಸುತ್ತದೆ, ಬಾಯಾರು ಅಂದರೆ ಮನೆಯವರ ಹಾಗೆ ಅಂದಿದ್ದರು.

ಆ ಬಾಟಲಿಗಳ ವಿಷಯ ಹೇಳಬೇಕು. ಬಿ.ಎಸ್ಸಿ. ಹುಡುಗರು ಪರೀಕ್ಷೆಯಲ್ಲಿ ಗುರುತಿಸಬೇಕಾದ ಗಿಡಗಳ ಪಟ್ಟಿಯೊಂದು ಯೂನಿವರ್ಸಿಟಿಯಿಂದ ಬರುತ್ತಿತ್ತು. ಅದರಲ್ಲಿ ಪಾಚಿ, ಹಾವಸೆ, ಫರ್ನ್ ಅನ್ನುವ ಜರಿಗಿಡ, ಹೀಗೆ ತಂಪು ನೆಲದಲ್ಲಿ ಬೆಳೆಯುವವೇ ಬಹಳ. ನಮ್ಮದು ಎರೆ ಭೂಮಿ. ಹತ್ತಿ, ಜೋಳ, ಕುಸುಬಿ, ಉಳ್ಳಾಗಡ್ಡಿ ಬಿಟ್ಟರೆ ಜಾಲಿ. ಹಾಗಾಗಿ ಎಂದೋ ಯಾರೋ ಘಟ್ಟದಿಂದ ತಂದು, ಕೊಳೆಯದಂತೆ ಬಾಟಲಿಯ ಫಾರ್ಮಲಿನ್ನಿನಲ್ಲಿ ಮುಳುಗಿಸಿ ಇಟ್ಟ ಗಿಡಗಳೇ ಗತಿ. ಅವೂ ರೋಣ, ನರಗುಂದ, ಗಜೇಂದ್ರಗಡ ಮೂರು ಕಾಲೇಜುಗಳಿಗೆ ಸೇರಿ ಒಂದೇ ಸೆಟ್. ಒಂದೂರಲ್ಲಿ ಪರೀಕ್ಷೆ ಮುಗಿದೊಡನೆ ಇನ್ನೊಂದೂರಿಗೆ ಅವನ್ನು ಸಾಗಿಸಬೇಕು. ಬೇರೆಯವರ ಕೈಗೆ ಕೊಟ್ಟರೆ ಒಡೆದಾವು ಅಂತ ಸರ್ ತಾವೇ ಚೀಲವನ್ನು ಮೊಣಕಾಲ ಮಧ್ಯೆ ಇಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದರು. ಕಂಡಕ್ಟರುಗಳಿಗೆಲ್ಲ ಅವರ ಗುರುತು. ಒಬ್ಬಾತ ದಿನಾ ಚಾಷ್ಟಿ ಮಾಡುವವನು, ‘ಸರ್ರ, ಬಾಟ್ಲಿಗೆ ಅರ್ಧ ಟಿಕೆಟ್ಟೋ ಪೂರಾನೋ?’ ಅಂತ. ಸರ್ ಅಷ್ಟೇ ಗಂಭೀರವಾಗಿ, ‘ಒಳಗಿದ್ದದ್ದು ಸತ್ತೈತಪಾ, ಅದಕ್ಕ ಟಿಕೆಟ್ ಇಲ್ಲ’ ಅನ್ನುವರು.

ಮೂರು ಊರಿಗೆ ಇದ್ದದ್ದು ಒಂದೇ ಜರಿಗಿಡ. ಫಾರ್ಮಲಿನ್ ಅದರ ಬಣ್ಣವನ್ನೆಲ್ಲ ಹೀರಿ, ಅದು ಹಾಲಿನಲ್ಲಿ ನೆನೆಸಿದ ಬಟ್ಟೆಯ ಹಾಗೆ ಬಿಳುಚಿಕೊಂಡಿತ್ತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿರಬೇಕು. ಸೆಮಿಸ್ಟರ್ ಇನ್ನೂ ಬಂದಿರಲಿಲ್ಲ, ವರ್ಷಕ್ಕೊಂದೇ ಪರೀಕ್ಷೆ. ಅಬ್ಬಿಗೇರಿಯಿಂದ ಬರುವ ಹುಡುಗಿಯೊಬ್ಬಳಿದ್ದಳು. ನನ್ನ ಕ್ಲಾಸಿನಲ್ಲಿ ಕೊನೆಯ ಬೆಂಚು, ಆದರೆ ಸರ್ ಕ್ಲಾಸಿನಲ್ಲಿ ಮೊದಲನೆಯದು. ಕನ್ನಡ ಶಾಲೆಯಲ್ಲಿ ಓದಿ ಬಂದವಳಾದ್ದರಿಂದ ಇಂಗ್ಲಿಷ್ ಕಷ್ಟ. ಯೋಚಿಸಿ, ಒಂದೊಂದೇ ಶಬ್ದ ಎತ್ತಿಟ್ಟು ಮಾತಾಡುತ್ತಿದ್ದಳು. ಆ ವರ್ಷ ಬೇರೆ ಊರಿಂದ ಬಂದ ಎಕ್ಸ್‌ಟರ್ನಲ್ ಎಕ್ಸಾಮಿನರ್ ಅವಳ ಮುಂದೆ ಜರಿಗಿಡದ ಬಾಟಲಿ ಇಟ್ಟು, ಇದು ತನ್ನ ಆಹಾರವನ್ನು ಹೇಗೆ ತಯಾರಿಸುತ್ತದೆ ಅಂತ ಕೇಳಿದರು. ಹುಡುಗಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ತಯಾರಿಸುವುದಿಲ್ಲ ಸರ್ ಅಂದಳು. ಇದರಲ್ಲಿ ಹಸಿರು ಇಲ್ಲ, ಅಣಬೆಯ ಹಾಗೆ ಕೊಳೆತದ್ದರ ಮೇಲೆ ಬದುಕುತ್ತದೆ ಅಂತ ಕಾರಣವನ್ನೂ ಕೊಟ್ಟಳು.

ಆ ಮನುಷ್ಯ ನಕ್ಕರಂತೆ. ನಕ್ಕಿದ್ದಲ್ಲದೆ ಬಾಟಲಿ ಎತ್ತಿ ಹಿಡಿದು ಉಳಿದ ಹುಡುಗರಿಗೂ ಹೇಳಿ ನಗಿಸಿದರಂತೆ. ಹುಡುಗಿ ಬ್ಲೇಡನ್ನು ಟೇಬಲ್ಲಿನ ಮೇಲಿಟ್ಟು, ಉಳಿದ ಪ್ರಶ್ನೆಗಳನ್ನು ಮುಟ್ಟದೆ ಹೊರಗೆ ನಡೆದುಬಿಟ್ಟಳು. ಪ್ರಾಕ್ಟಿಕಲ್ ಫೇಲಾದರೆ ಇಡೀ ಒಂದು ವರ್ಷ ಕಾಯಬೇಕು. ಅದು ರೂಲ್.

ಅವತ್ತು ಕಾಲೇಜು ಬಿಟ್ಟ ಮೇಲೂ ಸರ್ ಸ್ಟಾಫ್ ರೂಮಿನಲ್ಲೇ ಕೂತಿದ್ದರು. ಮುಂದೆ ಟೆಕ್ಸ್ಟ್ ಬುಕ್. ಒಂದೊಂದೇ ಹಾಳೆ ಬೆರಳಿನಿಂದ ಒತ್ತಿ ತಿರುವುತ್ತಿದ್ದರು. ನಾನು ಪರ್ಸ್ ಎತ್ತಿಕೊಂಡು ಹೊರಟವಳು ನಿಂತೆ.

‘ಎಲ್ಲೂ ಇಲ್ಲ ಬಾಯಾರ,’ ಅಂದರು. ‘ಬೇರಿಂದ ಹಿಡದು ಬೀಜಕದ ತನಕಾ ಎಲ್ಲಾ ಬರದಾರ. ಇದು ಹಸರ ಇರತೈತಿ ಅಂತ ಮಾತ್ರ ಎಲ್ಲೂ ಬರದಿಲ್ಲ. ಬರದಂವಗ ಅದು ಹೇಳೂ ಮಾತು ಅನಿಸಿಲ್ಲ. ಆಕಿ ತಪ್ಪು ಹೇಳಿಲ್ರಿ. ಕಣ್ಣಿಗೆ ಕಂಡದ್ದನ್ನ ಹಿಡದು ತರ್ಕಾ ಮಾಡ್ಯಾಳ. ನಾ ಇಷ್ಟು ವರ್ಷ ಕಲಿಸಿದ್ದು ಅದನ್ನ ಅಲ್ಲೇನು?’

ಹುಡುಗಿ ಕಾಲೇಜಿಗೆ ಬರುವುದು ನಿಲ್ಲಿಸಿದಳು. ಮನೆಯಲ್ಲಿ ಮದುವೆಯ ಮಾತು ಎದ್ದಿದೆ ಅಂತ ಅವಳ ಗೆಳತಿಯರಿಂದ ತಿಳಿಯಿತು. ಸರ್ ಒಂದು ಭಾನುವಾರ, ಹೆಣ್ಣುಮಕ್ಕಳೊಬ್ಬರು ಜೊತೆಗಿದ್ದರೆ ಚಲೋ ಅಂತ ನನ್ನನ್ನೂ ಕರೆದುಕೊಂಡು ಅಬ್ಬಿಗೇರಿಗೆ ಹೊರಟರು. ಹುಡುಗಿಯ ಅಪ್ಪ ನಮ್ಮನ್ನು ಕಟ್ಟೆಯ ಮೇಲೆ ಜಮಖಾನೆ ಹಾಸಿ ಕೂರಿಸಿ ಚಹಾ ತರಿಸಿದ. ಎಲ್ಲ ಕೇಳಿಸಿಕೊಂಡ. ಕೊನೆಗೆ ಧ್ವನಿ ಏರಿಸದೆ ಹೇಳಿದ.

‘ಸರ್ರ, ನಿಮ್ಮ ಬಾಟ್ಲಿಯೊಳಗ ಏನು ಕಂಡತೋ ಅದನ್ನ ನಮ್ಮ ಹುಡಿಗಿ ಹೇಳ್ಯಾಳ. ಕಂಡದ್ದು ಕಂಡಂಗ ಹೇಳಿದವರನ್ನ ನಕ್ಕು ಫೇಲ್ ಮಾಡ್ತೀರಿ ಅಂದ್ರ, ಅಂಥಾ ಕಾಲೇಜು ನಮಗ್ಯಾಕ್ರಿ?’

ಸರ್ ಗ್ಲಾಸನ್ನು ಕೆಳಗಿಟ್ಟು, ‘ಒಂದು ವರ್ಷ ಕೊಡ್ರಿ,’ ಅಂದರು. ‘ಆ ಪರೀಕ್ಷೀನ ಬದಲ ಮಾಡಸ್ತೀನಿ. ಮುಂದಿನ ಸಲ ಆಕಿ ಕುಂಡ್ರೂದು ಹೊಸಾ ಪರೀಕ್ಷಿಗೆ. ಆಗಲಿಲ್ಲಂದ್ರ ನಾನ ಬಂದು ನಿಮ್ಮ ಮನಿ ಮದವ್ಯಾಗ ಅಕ್ಕಿಕಾಳು ಹಾಕತೀನಿ.’

ಅಪ್ಪ ಒಪ್ಪಿದ. ವಾಪಸು ಬಸ್ಸಿನಲ್ಲಿ ನಾನು, ಏನು ಸರ್, ಯೂನಿವರ್ಸಿಟಿ ಸಿಲೆಬಸ್ ಬದಲಾಯಿಸುತ್ತೇನೆ ಅಂತ ಹಳ್ಳಿಯ ಕಟ್ಟೆಯ ಮೇಲೆ ಪ್ರಾಮಿಸ್ ಮಾಡಿ ಬಂದಿರಲ್ಲ ಅಂದೆ. ಅವರು ಕಿಟಕಿಯ ಹೊರಗೆ ನೋಡುತ್ತ, ಅದನ್ನೇ ಯೋಚಿಸುತ್ತಿದ್ದೇನೆ ಬಾಯಾರ ಅಂದರು.

ಡಿಗ್ರಿಗೆ ಏನು ಕಲಿಸಬೇಕು, ಏನು ಪಾಸಾಗಬೇಕು ಅನ್ನುವುದನ್ನು ತೀರ್ಮಾನಿಸಲು ಯೂನಿವರ್ಸಿಟಿಯಲ್ಲಿ ಒಂದು ಬೋರ್ಡ್ ಇರುತ್ತದೆ. ಕಾಲೇಜಿನವರು ಬದಲಾವಣೆ ಬೇಕೆಂದರೆ ಪ್ರಪೋಸಲ್ ಬರೆದು ಪ್ರಿನ್ಸಿಪಾಲರ ಮೂಲಕ ಕಳಿಸಬೇಕು, ಬೋರ್ಡಿನವರು ಕರೆದರೆ ಹೋಗಿ ವಾದಿಸಬೇಕು. ಅಲ್ಲಿಯವರೆಗೆ ನಮ್ಮ ಕಾಲೇಜಿನಿಂದ ಯಾರೂ ಅಂಥದ್ದು ಕಳಿಸಿರಲಿಲ್ಲ. ಮೇಲಿಂದ ಬಂದದ್ದನ್ನು ಕಲಿಸುವುದು, ಅಷ್ಟೇ ನಮಗೆ ಗೊತ್ತಿದ್ದದ್ದು. ಸರ್ ಹೇಳುತ್ತ ಹೋದರು, ನಾನು ಇಂಗ್ಲಿಷಿನಲ್ಲಿ ಬರೆಯುತ್ತ ಹೋದೆ. ಎರೆ ಭೂಮಿಯ ಕಾಲೇಜುಗಳಿಗೆ ಜರಿಗಿಡ, ಹಾವಸೆ ಇತ್ಯಾದಿಗಳನ್ನು ಪಟ್ಟಿಯಿಂದ ತೆಗೆದು, ಅದರ ಬದಲು ನಮ್ಮ ಹೊಲದ ಹುಲ್ಲು, ಕಳೆ, ಬೆಳೆಗಳನ್ನೇ ಪರೀಕ್ಷೆಗೆ ಇಡಬೇಕು. ಇದು ಮುಖ್ಯ ಬೇಡಿಕೆ. ಈ ಇಡೀ ಸೀಮೆಯಲ್ಲಿ ಹುಡುಕಿದರೂ ಜರಿಗಿಡವಿಲ್ಲ ಅನ್ನುವಲ್ಲಿ ನಾನು ‘ನಾಟ್ ಎ ಸಿಂಗಲ್ ಫರ್ನ್’ ಅಂತ ಬರೆದು ಕೆಳಗೆ ಗೆರೆ ಎಳೆದೆ. ಸರ್ ಓದಿಸಿಕೊಂಡು ಕೇಳಿ, ‘ಭಾಳ ಚಂದ ಆಗೇತ್ರಿ. ಇಷ್ಟ ಚಂದ ಬರದ್ರ ಅವರು ನಂಬತಾರೋ ಇಲ್ಲೋ’ ಅಂದರು.

ಮೂರೂ ಕಾಲೇಜಿನವರ ಸಹಿ ಇದ್ದರೆ ಚಲೋ ಅಂತ ಕೇಳಿದಾಗ ನರಗುಂದ ಕಾಲೇಜಿನ ಬಾಟನಿ ಲೆಕ್ಚರರ್ ಮಾತ್ರ ಸಹಿ ಹಾಕಲಿಲ್ಲ. ಅವರು ಕೆಟ್ಟವರಲ್ಲ. ಇವತ್ತು ಜರಿಗಿಡ ಬೇಡ ಅಂದರೆ ನಾಳೆ ನಮ್ಮ ಮಕ್ಕಳ ಡಿಗ್ರಿಗೆ ಅರ್ಧ ಬೆಲೆ ಕಟ್ಟುತ್ತಾರೆ, ಹೊಲದ ಕಸ ನೋಡಿ ಪಾಸಾದವರು ಅಂತ ಆಡಿಕೊಳ್ಳುತ್ತಾರೆ ಅನ್ನುವುದು ಅವರ ಚಿಂತೆ. ಸರ್ ಅದಕ್ಕೆ ಸಿಟ್ಟಾಗಲಿಲ್ಲ. ಅವನ ಮಾತಿನಲ್ಲೂ ಅರ್ಥವಿದೆ ಅಂತ ನನ್ನ ಹತ್ತಿರ ಒಪ್ಪಿಕೊಂಡರು. ಆದರೆ ಪ್ರಪೋಸಲ್ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮಳೆಗಾಲದ ಹೊತ್ತಿಗೆ ಬೋರ್ಡಿನಿಂದ ಕರೆ ಬಂತು. ಸರ್ ಇಸ್ತ್ರಿ ಮಾಡಿದ ಶರ್ಟು ಹಾಕಿ, ಜೇಬಿನ ಬ್ಲೇಡು ತೆಗೆದಿಟ್ಟು, ಜರಿಗಿಡದ ಬಾಟಲಿಯೊಂದನ್ನೇ ಚೀಲದಲ್ಲಿಟ್ಟುಕೊಂಡು ಹೋದರು. ಮರುದಿನ ಸ್ಟಾಫ್ ರೂಮಿಗೆ ಬಂದು ಕೂತರು. ಚಹಾ ಬಂತು. ಅವರು ಕುಡಿಯಲಿಲ್ಲ. ನಂತರ ತಾವೇ ಶುರು ಮಾಡಿದರು.

ಬಾಟಲಿಯನ್ನು ಟೇಬಲ್ಲಿನ ಮೇಲಿಟ್ಟು ಹುಡುಗಿಯ ಕಥೆ ಹೇಳಿದಾಗ ಬೋರ್ಡಿನಲ್ಲಿ ಯಾರೂ ನಗಲಿಲ್ಲವಂತೆ. ಛೇರ್ಮನ್ನರು ಕೂಡ ಕನ್ನಡಕ ತೆಗೆದು ಒರೆಸಿದರಂತೆ. ಇನ್ನೇನು ಗೆದ್ದೆ ಅನ್ನುವಾಗ, ಆ ತುದಿಗೆ ಕೂತಿದ್ದ ವಯಸ್ಸಾದ ಲೇಡಿ ಪ್ರೊಫೆಸರ್ ಒಬ್ಬರು ನಾನು ಗೆರೆ ಎಳೆದ ಸಾಲಿನ ಮೇಲೆ ಬೆರಳಿಟ್ಟು, ನಿಮ್ಮ ಊರು ಯಾವುದು ಅಂತ ವಿಚಾರಿಸಿದರಂತೆ. ಗಜೇಂದ್ರಗಡ ಅಂದರು ಇವರು. ಅದಕ್ಕೆ ಆಕೆ, ನಿಮ್ಮೂರ ಗುಡ್ಡದಲ್ಲಿ ದೇವರ ಗುಡಿಯ ಹತ್ತಿರ ಬಂಡೆಯ ಸಂದಿನಿಂದ ನೀರು ಜಿನುಗುತ್ತದಲ್ಲ, ಅಲ್ಲಿ ನೋಡಿದ್ದೀರಾ ಅಂದರಂತೆ. ತಾವು ಒಮ್ಮೆ ದರ್ಶನಕ್ಕೆ ಹೋದಾಗ ಗೋಡೆಯ ತುಂಬ ಜರಿಗಿಡ ಇತ್ತು ಅಂತಲೂ ಹೇಳಿದರಂತೆ.

ವಿಷಯವನ್ನು ಮುಂದಿನ ಮೀಟಿಂಗಿಗೆ ಮುಂದೂಡಿದರು.

‘ಸಣ್ಣಂವಿದ್ದಾಗ ಆ ನೀರಾಗ ಆಡೀನ್ರಿ,’ ಅಂದರು ಸರ್. ‘ಬೊಗಸಿ ಹಿಡದು ಕುಡದೀನಿ. ಆಮ್ಯಾಲ ಎಂ.ಎಸ್ಸಿ. ಮಾಡಿದೆ, ಇಷ್ಟು ವರ್ಷ ಕಲಸಿದೆ. ಒಮ್ಮೆರೆ ಅಲ್ಲಿ ಹೋಗಿ ನೋಡಬೇಕು ಅನಿಸಿಲ್ಲ. ಯಾಕ ಹೇಳ್ರಿ? ಫರ್ನ್ ಅಂದ್ರ ನನಗೂ ಬಾಟ್ಲೀನ ಕಣ್ಣ ಮುಂದ ಬರತಿತ್ತು. ಆ ಹುಡಿಗಿಗೂ ನನಗೂ ಏನೂ ಫರಕ್ ಇಲ್ಲ.’

ಆಮೇಲೆ ಅವರೇ ನಗಲಿಕ್ಕೆ ಶುರು ಮಾಡಿದರು. ಆ ನಗು ನೋಡಿ ನಮಗೂ ನಗು ಬಂತು. ತಮ್ಮನ್ನು ತಾವೇ ಹಾಗೆ ನಕ್ಕುಬಿಡಬಲ್ಲ ಗಂಡಸರನ್ನು ನಾನು ಹೆಚ್ಚು ನೋಡಿಲ್ಲ.

ಶ್ರಾವಣದ ಒಂದು ಭಾನುವಾರ ಸರ್ ನನ್ನನ್ನೂ ಆ ಹುಡುಗಿಯನ್ನೂ ಗಜೇಂದ್ರಗಡದ ಗುಡ್ಡಕ್ಕೆ ಕರೆದುಕೊಂಡು ಹೋದರು. ಒಬ್ಬಳನ್ನೇ ಕಳಿಸಲಾರೆವೆಂದು ಅವಳ ಅವ್ವನೂ ಬಂದಿದ್ದಳು. ‘ದೇವರಿಗೂ ಆತು, ಸಾಲಿಗೂ ಆತು’ ಅಂತ ಬುತ್ತಿ ಕಟ್ಟಿಕೊಂಡು ಬಂದಿದ್ದಳು ಆ ತಾಯಿ. ಬಿಸಿಲಿತ್ತು. ಮೆಟ್ಟಿಲು ಹತ್ತಿ ಹತ್ತಿ ನನಗೆ ಏದುಸಿರು. ನೀರು ಜಿನುಗುವ ಕಡೆ ತಲುಪಿದಾಗ ಮಾತ್ರ ಒಮ್ಮೆಲೇ ತಂಪು.

ಬಂಡೆಯ ಸಂದುಗಳಲ್ಲಿ, ಕಲ್ಲುಗಟ್ಟೆಯ ಬಿರುಕುಗಳಲ್ಲಿ ಅದು ಇತ್ತು. ಕೂದಲೆಳೆಯಂಥ ಕರಿ ದಂಟು, ಅದರ ಮೇಲೆ ಪುಟ್ಟ ಪುಟ್ಟ ಬೀಸಣಿಗೆಯಂಥ ಎಲೆ. ಹಸಿರು ಅಂದರೆ ಎಂಥ ಹಸಿರು! ಮೇಲಿನಿಂದ ನೀರು ಬಿದ್ದರೂ ಎಲೆ ಒದ್ದೆಯಾಗುತ್ತಿರಲಿಲ್ಲ, ಹನಿ ಉರುಳಿ ಹೋಗುತ್ತಿತ್ತು. ಹುಡುಗಿ ಚಪ್ಪಲಿ ಬಿಟ್ಟು ಹತ್ತಿರ ಹೋದಳು. ಮುಟ್ಟಲಿಲ್ಲ ಮೊದಲು. ಬಗ್ಗಿ ಮೂಸಿದಳು. ಆಮೇಲೆ ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುವಿ, ಅಂಚಿನ ಕೆಳಗೆ ಮಡಚಿಟ್ಟ ಕಂದು ಬೀಜಕದ ಸಾಲನ್ನು ನೋಡಿದಳು. ಪುಸ್ತಕದಲ್ಲಿದ್ದದ್ದೆಲ್ಲ ಅಲ್ಲಿ ಇತ್ತು. ಬಹಳ ಹೊತ್ತು ನಮಗೆ ಬೆನ್ನು ಮಾಡಿ ನಿಂತಿದ್ದಳು. ಅವಳ ಅವ್ವ ಕೊಡಪಾನ ಹಿಡಿದು ಕೂತವರ ಜೊತೆ ಮಾತಿಗಿಳಿದಿದ್ದಳು.

ಹುಡುಗಿ ತಿರುಗಿ, ಸರ್ ಮುಖವನ್ನೇ ನೋಡಿ ಕೇಳಿದಳು, ‘ಸರ್ರ, ಇದನ್ನೇನ್ರಿ ನೀವು ನಮ್ಮ ಸಿಲೆಬಸ್ಸಿನಿಂದ ತಗಸಾಕ ಹೋಗಿದ್ದು?’

ದನಿಯಲ್ಲಿ ಉದ್ಧಟತನ ಇರಲಿಲ್ಲ. ಅದಕ್ಕೇ ಅದು ಅಷ್ಟು ನಾಟಿತು. ಹೊಲದ ಹುಲ್ಲು, ಕಳೆ ತಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ನೋಡದೇ ಇರುವುದನ್ನು ತೋರಿಸದೆ ತೆಗೆದುಹಾಕಿದರೆ ತನಗೆ ಉಳಿಯುವುದೇನು ಅಂತ ಅವಳು ನಿಧಾನವಾಗಿ, ಒಂದೊಂದೇ ಶಬ್ದ ಎತ್ತಿಟ್ಟು ಹೇಳಿದಳು. ಸರ್ ಪ್ಯಾಂಟಿನ ಕಾಲು ಮಡಚಿಕೊಂಡು ನೀರಿನಲ್ಲಿ ನಿಂತಿದ್ದವರು ನನ್ನ ಕಡೆ ತಿರುಗಿದರು. ‘ಬಾಯಾರ, ಕಾಗದ ತಂದೀರೇನು? ನಾವು ಬರದದ್ದು ಅಡ್ಡ ದಾರಿ ಹಿಡದೈತಿ.’

ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿ ಪಲ್ಯ ತಿನ್ನುತ್ತ ಅಲ್ಲಿಯೇ ಎರಡನೆಯ ಪ್ರಪೋಸಲ್ ಹುಟ್ಟಿತು. ಯಾವ ಗಿಡವನ್ನೂ ಪಟ್ಟಿಯಿಂದ ತೆಗೆಯುವುದು ಬೇಡ. ಬದಲಿಗೆ, ಬಿ.ಎಸ್ಸಿ. ಬಾಟನಿ ಓದುವ ಪ್ರತಿ ವಿದ್ಯಾರ್ಥಿಯನ್ನು ಗಿಡ ಬೆಳೆಯುವ ಕಡೆಗೇ ಕರೆದುಕೊಂಡು ಹೋಗಬೇಕು. ಹಸಿ ಗಿಡವನ್ನು ನೋಡಿ ಅವರು ತಮ್ಮ ಕೈಯಾರೆ ಚಿತ್ರ ಬರೆಯಬೇಕು. ಪ್ರಾಕ್ಟಿಕಲ್ಲಿನಲ್ಲಿ ಅದಕ್ಕೆ ಅಂಕ ಇರಬೇಕು. ಅದಿಲ್ಲದೆ ಡಿಗ್ರಿ ಇಲ್ಲ. ಜೊತೆಗೆ ಆಯಾ ಸೀಮೆಯ ಕೆಲವು ಗಿಡಗಳನ್ನೂ ಸೇರಿಸಬೇಕು. ಈ ಸಲ ಸರ್ ನನ್ನ ಯಾವ ಸಾಲಿನ ಕೆಳಗೂ ಗೆರೆ ಎಳೆಯಲು ಬಿಡಲಿಲ್ಲ. ನರಗುಂದದವರು ತಾವಾಗಿಯೇ ಬಂದು ಸಹಿ ಹಾಕಿದರು.

ಬೋರ್ಡಿನಲ್ಲಿ ತಂಟೆ ಬಂದದ್ದು ಬೇರೆ ಕಡೆಯಿಂದ. ಹುಡುಗಿಯರನ್ನು ಹೊರಗೆ ಕರೆದೊಯ್ಯಲು ಮನೆಯವರು ಒಪ್ಪುವುದಿಲ್ಲ, ಕಡ್ಡಾಯ ಮಾಡಿದರೆ ಬಾಟನಿಗೆ ಹುಡುಗಿಯರೇ ಬರುವುದಿಲ್ಲ ಅಂತ ಒಬ್ಬರು ಹಟ ಹಿಡಿದರಂತೆ. ಸರ್ ಆಗ ಅಬ್ಬಿಗೇರಿಯ ತಾಯಿ ಬುತ್ತಿ ಕಟ್ಟಿಕೊಂಡು ಬಂದದ್ದನ್ನು ಹೇಳಿದರಂತೆ. ಮನೆಯವರನ್ನು ನೀವು ಕೇಳಿ ನೋಡಿದ್ದೀರಾ ಅಂತ ಆ ಲೇಡಿ ಪ್ರೊಫೆಸರ್ ಹಟ ಹಿಡಿದವರನ್ನು ತಿರುಗಿ ಕೇಳಿದ ಮೇಲೆ ಪ್ರಪೋಸಲ್ ಪಾಸಾಯಿತು. ಆ ವರ್ಷದಿಂದಲೇ ಜಾರಿ. ಬೇಸಿಗೆಯಲ್ಲಿ ಹುಡುಗಿ ಮತ್ತೆ ಪರೀಕ್ಷೆಗೆ ಕೂತಳು, ಪಾಸಾದಳು. ಮುಂದೆ ಎಂ.ಎಸ್ಸಿ.ಗೂ ಹೋದಳು. ಆ ವರ್ಷದ ರಮಜಾನಿಗೆ ಸರ್ ಮನೆಯಿಂದ ಸ್ಟಾಫ್ ರೂಮಿಗೆ ಬಂದ ಶಾವಿಗೆ ಸುರಕುಂಬಾದ ಡಬ್ಬಿ ಎಂದಿನದಕ್ಕಿಂತ ದೊಡ್ಡದಿತ್ತು.

ಇದೆಲ್ಲ ಹೀಗೇ ಉಳಿಯಿತು ಅಂತ ಬರೆಯಬಹುದಾಗಿದ್ದರೆ ಚೆನ್ನಾಗಿತ್ತು. ಸೆಮಿಸ್ಟರ್ ಬಂತು. ಅವಧಿಗಳು ಕಡಿಮೆಯಾದವು. ಹೊಸ ಸಿಲೆಬಸ್ಸಿನಲ್ಲಿ, ಗಿಡಗಳನ್ನು ಬೆಳೆಯುವಲ್ಲಿ ಹೋಗಿ ನೋಡಬೇಕು ಅನ್ನುವ ಕಡೆ ಕಂಪ್ಯೂಟರಿನಲ್ಲಿ ಸಿ.ಡಿ. ಹಾಕಿ ತೋರಿಸಿದರೂ ನಡೆಯುತ್ತದೆ ಅಂತ ಸೇರಿತು. ಆ ಹೊತ್ತಿಗೆ ಸರ್ ರಿಟೈರ್ ಆಗಿದ್ದರು. ಉಸಿರಿನ ತೊಂದರೆ ಶುರುವಾಗಿ ಗದಗಿನ ದವಾಖಾನೆಗೂ ಮನೆಗೂ ಓಡಾಡುತ್ತಿದ್ದರು. ಎರಡು ಸಾವಿರದ ಒಂಬತ್ತರ ಚಳಿಗಾಲದಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ನಾನು ಬೆಳಗಾವಿಯಲ್ಲಿ ತವರಿನ ಕಡೆ ಇದ್ದೆ, ಮಣ್ಣಿಗೆ ಹೋಗಲಾಗಲಿಲ್ಲ. ಹಾಗಾಗಿ ನನ್ನ ಪಾಲಿಗೆ ಕೊನೆಯ ನೋಟ ಅಂದರೆ ಅದಕ್ಕೂ ಕೆಲವು ತಿಂಗಳ ಹಿಂದಿನದು.

ಅಬ್ಬಿಗೇರಿಯ ಹುಡುಗಿ ಆಗ ನರಗುಂದದಲ್ಲಿ ಬಾಟನಿ ಲೆಕ್ಚರರ್ ಆಗಿದ್ದಳು. ಹೊಸ ಸಿಲೆಬಸ್ಸಿನ ವಿಷಯ ಸರ್‌ಗೆ ತಿಳಿಸಬೇಕೋ ಬೇಡವೋ ಅಂತ ನನ್ನನ್ನು ಕೇಳಿದಳು. ಬೇಡ, ಲೆಟ್ ಹಿಮ್ ಬಿ, ಅಂದೆ. ಅವಳು ಕೇಳಲಿಲ್ಲ. ಕೊನೆಗೆ ಇಬ್ಬರೂ ಕೂಡಿಯೇ ಗಜೇಂದ್ರಗಡಕ್ಕೆ ಹೋದೆವು. ಸರ್ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಇನ್ನೂ ಸಣಕಲಾಗಿದ್ದರು. ಅವರ ಮನೆಯವರು ಚಹಾ ತಂದುಕೊಟ್ಟು, ಇವರು ಮಾತು ಶುರು ಮಾಡಿದರೆ ನಿಲ್ಲಿಸಬೇಕ್ರಿ ಮತ್ತೆ, ಡಾಕ್ಟರು ಹೇಳಿದ್ದಾರೆ ಅಂತ ನನಗೆ ಹೇಳಿ ಒಳಗೆ ಹೋದರು.

ಹುಡುಗಿ ಎಲ್ಲ ಹೇಳಿದಳು. ಸರ್ ಕೇಳಿಸಿಕೊಂಡು, ‘ಬಾಟ್ಲಿಗಿಂತ ಸಿ.ಡಿ. ಪಾಡ ಬಿಡವಾ. ಹಸರರೆ ಕಾಣತೈತಿ’ ಅಂದರು. ಅವಳು ನಗಲಿಲ್ಲ. ಚೀಲದಿಂದ ತಾನು ಬರೆದ ಹೊಸ ಪ್ರಪೋಸಲ್ ತೆಗೆದು ಓದಲು ಶುರು ಮಾಡಿದಳು. ಮಕ್ಕಳನ್ನು ಕರೆದುಕೊಂಡು ಹೋಗದ ಕಾಲೇಜಿಗೆ ಪ್ರಾಕ್ಟಿಕಲ್ ಪರೀಕ್ಷೆಯ ಸೆಂಟರನ್ನೇ ಕೊಡಬಾರದು ಅಂತ ಬರೆದಿದ್ದಳು. ನನ್ನ ಸಹಾಯವಿಲ್ಲದೆ ಬರೆದ ಇಂಗ್ಲಿಷ್. ಎಲ್ಲಿಯೂ ಅಲಂಕಾರವಿರಲಿಲ್ಲ.

‘ಇಷ್ಟು ಬಿಗಿ ಹಾಕಿದ್ರ ಬೋರ್ಡಿನವರು ಅರ್ಧಕ್ಕ ಓದೂದು ಬಿಡತಾರ,’ ಅಂದರು ಸರ್.

‘ಬಿಗಿ ಇಲ್ಲದ್ದಕ್ಕ ಬಿಟ್ಟಾರ್ರಿ ಸರ್ರ.’

‘ನಾ ಅಲ್ಲಿ ಹೋಗಿ ಕುಂತು ಬಂದೀನವಾ. ನಿನಗಿಂತ ನನಗ ಗೊತ್ತೈತಿ.’

‘ನೀವು ಮೊದಲ ಹೋಗಿದ್ದು ತಗೀರಿ ಅನ್ನಾಕ್ರಿ. ನಾ ಹೊಂಟದ್ದು ಇಡ್ರಿ ಅನ್ನಾಕ.’

ಅವರು ಗೋಡೆ ಬಿಟ್ಟು ಮುಂದಕ್ಕೆ ಬಗ್ಗಿದರು. ಕೆಮ್ಮಿದರು. ನಾನು ಸಾಕು ಸರ್ ಅಂದೆ, ಕೇಳಿಸಲಿಲ್ಲ. ಅವಳ ಕೈಯಿಂದ ಪೆನ್ನು ಕಸಿದುಕೊಂಡು ಏನೋ ಹೊಡೆದು ಹಾಕಿದರು. ಅವಳು ಅದನ್ನು ಮತ್ತೆ ಬರೆದಳು. ಅವಳಿಗೆ ಅವತ್ತು ಅಲ್ಲಿಯೇ ತಂಗಲು ಒಬ್ಬ ಗೆಳತಿಯ ಮನೆಯಿತ್ತು. ನನಗೆ ರೋಣದ ಬಸ್ಸು ಹಿಡಿಯಬೇಕಿತ್ತು. ಬರ್ತೀನ್ರಿ ಸರ್ ಅಂದೆ. ಇಬ್ಬರ ತಲೆಯೂ ಕಾಗದದ ಮೇಲಿತ್ತು. ಒಳಗೆ ಹೋಗಿ ಅವರ ಮನೆಯವರಿಗೆ ಹೇಳಿ ಬಂದೆ. ಹೊಸ್ತಿಲ ಹತ್ತಿರ ಮತ್ತೊಮ್ಮೆ ಅಂದೆ. ಸರ್ ತಲೆ ಎತ್ತದೆ, ಹೂಂ ಹೂಂ ಅನ್ನುತ್ತ ಒಂದು ಕೈ ಆಡಿಸಿದರು, ನನಗೋ, ಸುಮ್ಮನಿರು ಅಂತ ಅವಳಿಗೋ ತಿಳಿಯಲಿಲ್ಲ. ಚಪ್ಪಲಿ ಮೆಟ್ಟಿ ಓಣಿಗೆ ಇಳಿದೆ. ತೆರೆದ ಕಿಟಕಿಯಿಂದ ಅವರ ದನಿ, ಉಸಿರು ಎಳೆದುಕೊಳ್ಳುತ್ತ, ಸಿಟ್ಟಿನಲ್ಲಿ, ಖುಷಿಯಲ್ಲಿ ಕೇಳುತ್ತಿತ್ತು, ‘ಇಲ್ಲವಾ, ಹಿಂಗ ಬ್ಯಾಡ. ಮತ್ತ ಮೊದಲಿಂದ ಓದು.’